ಟ್ಯಾಂಕಿನೊಳಗಿನ ಕಾಣದ ಕಾವಲು



ಮೋಟಾರು ಪಂದ್ಯವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ವೇಗ, ಆರ್ಭಟ ಮತ್ತು ಗೆದ್ದವನ ಕೈಯಲ್ಲಿನ ಬಟ್ಟಲು. ಆ ಕಾರಿನ ಇಂಧನಕೋಶದೊಳಗೆ ಪೆಟ್ರೋಲಿನಲ್ಲಿ ಮುಳುಗಿ ಕುಳಿತಿರುವ ಹಗುರವಾದ ಫೋಮನ್ನು ಯಾರೂ ನೆನೆಯುವುದಿಲ್ಲ. ಇಂದು ಅದರ ಪರವಾಗಿ ನಾಲ್ಕು ಮಾತು ಹೇಳಬೇಕೆನಿಸಿದೆ.

1964ರ ಮೇ 24ರಂದು ಅಮೆರಿಕದ ಷಾರ್ಲಟ್ ಪಂದ್ಯದಲ್ಲಿ ಫೈರ್‌ಬಾಲ್ ರಾಬರ್ಟ್ಸ್ ಅವರ ಕಾರು ಮಗುಚಿ ಹೊತ್ತಿಕೊಂಡಿತು. ಸುಟ್ಟಗಾಯಗಳಿಂದ ನರಳಿದ ಅವರು ಜುಲೈ 2ರಂದು ತೀರಿಕೊಂಡರು. ಆ ಅಪಘಾತದ ಆರೇ ದಿನಗಳ ಬಳಿಕ, ಮೇ 30ರಂದು, ಇಂಡಿಯಾನಾಪೊಲಿಸ್‌ನಲ್ಲಿ ಎರಡನೆಯ ಸುತ್ತಿನಲ್ಲೇ ಡೇವ್ ಮೆಕ್‌ಡೊನಾಲ್ಡ್ ಮತ್ತು ಎಡ್ಡಿ ಸ್ಯಾಕ್ಸ್ ಬೆಂಕಿಗೆ ಆಹುತಿಯಾದರು. ಸುಲಭವಾಗಿ ಹರಿಯದ ರಬ್ಬರು ಲೇಪಿತ ಬಟ್ಟೆಯ ಇಂಧನ ಚೀಲಗಳು ಪಂದ್ಯದ ಕಾರುಗಳಿಗೆ ಬಂದದ್ದು ಇದರ ನಂತರ. ಫಾರ್ಮುಲಾ ಒನ್‌ನಲ್ಲಿ ಅವು ಕಡ್ಡಾಯವಾಗಲು 1970 ಬರಬೇಕಾಯಿತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಬುದ್ಧಿ ನಮ್ಮ ಗಾದೆಗಷ್ಟೇ ಸೀಮಿತವಲ್ಲ.

ಚೀಲವು ಇಂಧನವನ್ನು ಹಿಡಿದಿಡುತ್ತದೆ. ಅದರೊಳಗಿನ ಫೋಮು ಇಂಧನದ ಸ್ವಭಾವವನ್ನೇ ಪಳಗಿಸುತ್ತದೆ. ಇದು ಪಾಲಿಯುರೆಥೇನಿನ ಜಾಲ. ಇದರ ರಂಧ್ರಗಳೆಲ್ಲ ಒಂದಕ್ಕೊಂದು ತೆರೆದಿರುವುದರಿಂದ ಪೆಟ್ರೋಲು ಸರಾಗವಾಗಿ ಹರಿಯುತ್ತದೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ, ಗುಂಡು ತಗಲಿದಾಗ ಟ್ಯಾಂಕು ಸಿಡಿಯದಿರಲೆಂದು ಅಮೆರಿಕದ ಯುದ್ಧವಿಮಾನಗಳಲ್ಲಿ ಇದನ್ನು ತುಂಬಿದರು. ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ ನಿಜವಾಗಿ ಅಪಾಯಕಾರಿಯಾದುದು ದ್ರವವಲ್ಲ, ಮೇಲಿನ ಜಾಗದಲ್ಲಿರುವ ಆವಿ ಮತ್ತು ಗಾಳಿಯ ಮಿಶ್ರಣ. ಫೋಮಿನ ಎಳೆಗಳು ಆ ಜಾಗವನ್ನು ಸಾವಿರಾರು ಸಣ್ಣ ಕೋಣೆಗಳಾಗಿ ಒಡೆದು, ಶಾಖವನ್ನು ಹೀರಿ, ಜ್ವಾಲೆ ಸ್ಫೋಟವಾಗಿ ಬೆಳೆಯದಂತೆ ತಡೆಯುತ್ತವೆ. ತರಗತಿಯಲ್ಲಿ ಓದಿದ ಡೇವಿಯ ಸುರಕ್ಷಾ ದೀಪ ನೆನಪಿದೆಯೇ? 1815ರ ಆ ತಂತಿಬಲೆಗೆ ಈ ಫೋಮು ಹತ್ತಿರದ ಬಂಧು. ತಿರುವುಗಳಲ್ಲಿ ಇಂಧನ ಒಂದು ಬದಿಗೆ ನುಗ್ಗುವುದನ್ನೂ ಇದು ನಿಧಾನಗೊಳಿಸುತ್ತದೆ. ಐವತ್ತು ಲೀಟರ್ ಪೆಟ್ರೋಲಿನ ತೂಕ ಸುಮಾರು 37 ಕಿಲೋ ಎಂಬುದನ್ನು ಮರೆಯಬಾರದು.

ಹಾಗಾದರೆ ತಕರಾರೇನು? ಫೋಮು ಟ್ಯಾಂಕಿನ ಶೇಕಡಾ ಎರಡು ಮೂರರಷ್ಟು ಜಾಗವನ್ನು ತಿನ್ನುತ್ತದೆ. ಅದಕ್ಕೂ ಮುಪ್ಪುಂಟು. ತೇವ, ಬಿಸಿ ಮತ್ತು ಆಲ್ಕೊಹಾಲು ಬೆರೆತ ಇಂಧನಗಳಿಂದ ಅದು ಪುಡಿಯಾಗಿ ಉದುರಿ ಫಿಲ್ಟರುಗಳನ್ನು ಕಟ್ಟಿಸುತ್ತದೆ. ಆಗ ಕೆಲವರು ಹಳೆಯದನ್ನು ಕಿತ್ತೆಸೆದು, ಹೊಸದನ್ನು ಹಾಕದೆ ಓಡಿಸುವ ದಾರಿ ಹಿಡಿಯುತ್ತಾರೆ. ಎಂಜಿನು ಚೆನ್ನಾಗಿಯೇ ಓಡುತ್ತದೆ; ಕೊರತೆ ಗೊತ್ತಾಗುವುದು ಅಪಘಾತದ ದಿನ ಮಾತ್ರ. ಕಾವಲುಗಾರನಿಗೆ ವಯಸ್ಸಾಯಿತೆಂದು ಕಾವಲನ್ನೇ ತೆಗೆಯುವುದು ಯಾವ ನ್ಯಾಯ? ಇಂಧನಕ್ಕೆ ಹೊಂದುವ ಬಗೆಯ ಫೋಮನ್ನು ಆರಿಸಿ, ಕಾಲಕಾಲಕ್ಕೆ ಬದಲಿಸುವುದೇ ಸರಿಯಾದ ಪರಿಹಾರ.

ಫೋಮೊಂದೇ ಸಾಕೆಂದು ನಾನು ವಾದಿಸುತ್ತಿಲ್ಲ. ಹೊರಗೆ ಚೆಲ್ಲಿ ಉರಿಯುವ ಇಂಧನವನ್ನು ಅದು ಆರಿಸಲಾರದು. 2020ರ ನವೆಂಬರ್ 29ರಂದು ಬಹರೇನಿನಲ್ಲಿ ರೊಮೇನ್ ಗ್ರೋಝಾನ್ ಅವರ ಕಾರು ಎರಡು ತುಂಡಾಗಿ, ಚೀಲಕ್ಕೆ ಸೇರಿದ ಇಂಧನದ ಜೋಡಣೆ ಕಿತ್ತುಬಂದು ಬೆಂಕಿ ಹತ್ತಿತು. 27 ಸೆಕೆಂಡು ಜ್ವಾಲೆಯೊಳಗಿದ್ದೂ ಅವರು ಬದುಕಿ ಬಂದದ್ದು ಹಲವು ರಕ್ಷಣೆಗಳು ಒಟ್ಟಾಗಿ ದುಡಿದುದರಿಂದ. ಒಂದು ಪದರ ಸೋತಾಗ ಮತ್ತೊಂದು ನಿಲ್ಲಬೇಕು.

ಅಂತರರಾಷ್ಟ್ರೀಯ ನಿಯಮದಂತೆ ಇಂಧನ ಚೀಲದ ಆಯುಷ್ಯ ಐದು ವರ್ಷ. ತಯಾರಕರು ಮತ್ತೆ ಪರೀಕ್ಷಿಸಿ ಒಪ್ಪಿದರೆ ಇನ್ನೆರಡು ವರ್ಷ. ಅಂತೆಯೇ ಸಣ್ಣಪುಟ್ಟ ಪಂದ್ಯಗಳಲ್ಲೂ ತಪಾಸಕರು ಚೀಲದ ಮೇಲಿನ ದಿನಾಂಕವನ್ನಷ್ಟೇ ಓದದೆ, ಮುಚ್ಚಳ ತೆಗೆದು ಒಳಗಿನ ಫೋಮನ್ನು ಮುಟ್ಟಿ ನೋಡಬೇಕೆಂಬುದು ನನ್ನ ಅಭಿಪ್ರಾಯ. ನಿಮ್ಮಲ್ಲಿ ಎಂಜಿನಿಯರುಗಳಾದವರು ಹಲವರಿದ್ದೀರಿ. ನೀವು ಕಟ್ಟುವುದು ಕಾರಾಗಲಿ ಕಟ್ಟಡವಾಗಲಿ, ಖರ್ಚು ತಗ್ಗಿಸುವ ಮಾತು ಬಂದಾಗ ಕಣ್ಣಿಗೆ ಬೀಳದ ಇಂಥ ವಸ್ತುವಿನ ಮೇಲೆ ಮೊದಲು ಕತ್ತರಿ ಆಡಿಸಬೇಡಿ.