ದೂರದ ಗಣಕದ ಒಳಮನೆ

ಬೀದರ ನಗರದಿಂದ ನೌಬಾದಿನ ಕಡೆಗೆ ಹೋದವರಿಗೆ ಬಯಲಿನಲ್ಲಿ ಅಲ್ಲಲ್ಲಿ ಬಾವಿಯಂತಹ ಬಾಯಿಗಳು ಕಾಣಸಿಗುತ್ತವೆ. ಅವು ಬಾವಿಗಳಲ್ಲ, ಬಹಮನಿ ಅರಸರ ಕಾಲದಲ್ಲಿ ನೆಲದೊಳಗೆ ತೋಡಿದ ನೀರಿನ ಸುರಂಗಕ್ಕೆ ಬಿಟ್ಟ ಕಂಡಿಗಳು. ಜನ ಅದನ್ನು ಸುರಂಗ ಬಾವಿಯೆಂದೂ ಕರೇಜ್ ಎಂದೂ ಕರೆಯುತ್ತಾರೆ. ನೀರು ಕತ್ತಲೆಯಲ್ಲಿ ತನ್ನ ಪಾಡಿಗೆ ತಾನು ಹರಿಯುತ್ತದೆ. ಎಲ್ಲಿ ಹೂಳು ಕಟ್ಟಿದೆ, ಎಲ್ಲಿ ಮಣ್ಣು ಕುಸಿದಿದೆ ಎಂಬುದನ್ನು ತಿಳಿಯಬೇಕಾದವನು ಸುರಂಗವನ್ನೆಲ್ಲ ಅಗೆಯಬೇಕಾಗಿಲ್ಲ. ಕಂಡಿಯಲ್ಲಿ ಇಳಿದು ನೋಡಿದರೆ ಸಾಕು.

ಅದೇ ಬೀದರಿನಲ್ಲಿ ಇಂದು ಇಣುಕಿ ನೋಡಬೇಕಾದ ಕತ್ತಲೆ ಇನ್ನೊಂದು ಬಗೆಯದು. ಕರ್ನಾಟಕದ ಕಂದಾಯ ಇಲಾಖೆಯು ‘ಭೂಮಿ’ ಎಂಬ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಸುಮಾರು 67 ಲಕ್ಷ ರೈತರ ಹೊಲಗದ್ದೆಗಳ ಲೆಕ್ಕ ಅದು. ಅದಕ್ಕೆ ಮೊದಲು ಈ ಲೆಕ್ಕವೆಲ್ಲ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿತ್ತು. 2001ರ ಸುಮಾರಿಗೆ ಭಾಲ್ಕಿ, ಔರಾದಗಳಂತಹ ತಾಲ್ಲೂಕು ಕೇಂದ್ರಗಳಲ್ಲಿಯೂ ಗಣಕದ ಕೋಣೆಗಳು ಬಂದವು. 2012ರ ಕೊನೆಗೆ ಹೋಬಳಿಗಳ ನಾಡಕಚೇರಿಗಳು ಅಟಲ್‌ಜೀ ಜನಸ್ನೇಹಿ ಕೇಂದ್ರಗಳಾದವು. ಜಾತಿ, ವರಮಾನ, ವಾಸಸ್ಥಳಗಳ ಪ್ರಮಾಣಪತ್ರಗಳೂ ಯಂತ್ರದ ಬಾಯಿಂದಲೇ ಹೊರಬೀಳತೊಡಗಿದವು.

ಯಂತ್ರವೆಂದ ಮೇಲೆ ಅದು ಒಮ್ಮೊಮ್ಮೆ ಮುಷ್ಕರ ಹೂಡುವುದೂ ಉಂಟು. ಔರಾದ ಸೀಮೆಯ ಯಾವುದೋ ಒಂದು ಕಚೇರಿ ಎಂದಿಟ್ಟುಕೊಳ್ಳಬಹುದು. ಬೆಳಗಿನ ಹನ್ನೊಂದು ಗಂಟೆ. ಕಿಟಕಿಯ ಮುಂದೆ ಕನ್ನಡ, ಮರಾಠಿ, ಉರ್ದು ಮೂರೂ ಬೆರೆತ ಮಾತಿನ ಗದ್ದಲ. ಸಾಲದ ಅರ್ಜಿಗೆ ಅಂದೇ ಕಡೆಯ ದಿನವಾದ ಮುದುಕನೊಬ್ಬ ಪಹಣಿಗಾಗಿ ಕಾದಿದ್ದಾನೆ. ಪರದೆಯ ಮೇಲಿನ ಮರಳುಗಡಿಯಾರ ತಿರುಗುತ್ತಲೇ ಇದೆ. ಯಂತ್ರದ ವೈದ್ಯನಾದರೋ ಬೀದರಿನಲ್ಲಿ, ಹೆಚ್ಚುಕಡಿಮೆ ನಲವತ್ತು ಕಿಲೋಮೀಟರು ಆಚೆ. ಅವನು ಬಸ್ಸು ಹಿಡಿದು ಬರುವ ಹೊತ್ತಿಗೆ ಕಚೇರಿಯ ಊಟದ ವೇಳೆಯಾಗುತ್ತದೆ. ಆದುದರಿಂದ ಅವನು ಕುಳಿತಲ್ಲಿಂದಲೇ ಔರಾದಿನ ಯಂತ್ರವನ್ನು, ‘ಈಗ ನಿನ್ನೊಳಗೆ ಏನೇನು ನಡೆಯುತ್ತಿದೆ?’ ಎಂದು ಕೇಳುತ್ತಾನೆ.

ಉತ್ತರವಾಗಿ ಒಂದು ಪಟ್ಟಿ ಬರುತ್ತದೆ. ಆ ಪಟ್ಟಿಯಲ್ಲಿರುವವು ಪ್ರೋಗ್ರಾಮುಗಳಲ್ಲ, ಪ್ರೋಸೆಸ್‌ಗಳು. ಈ ಭೇದವನ್ನು ನಾಟಕ ನೋಡಿದವರಿಗೆ ಸುಲಭವಾಗಿ ತಿಳಿಸಬಹುದು. ಅಚ್ಚಾದ ಪುಸ್ತಕದಲ್ಲಿರುವ ನಾಟಕ ಪ್ರೋಗ್ರಾಮು. ರಂಗದ ಮೇಲೆ ಈ ರಾತ್ರಿ ನಡೆಯುತ್ತಿರುವ ಪ್ರಯೋಗ ಪ್ರೋಸೆಸ್. ಪುಸ್ತಕ ಒಂದೇ ಆದರೂ ಅದೇ ರಾತ್ರಿ ಮೂರು ರಂಗಗಳಲ್ಲಿ ಮೂರು ಪ್ರಯೋಗ ನಡೆಯಬಹುದು. ಹೆಸರಿನಿಂದ ಅವನ್ನು ಬೇರ್ಪಡಿಸಲಾಗದು. ಆದಕಾರಣ ಗಣಕವು ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಡುತ್ತದೆ. ಅದನ್ನು ಯಾರು ಆರಂಭಿಸಿದರು, ಅದು ಎಷ್ಟು ಸ್ಮೃತಿಯನ್ನು ನುಂಗಿದೆ, ಯಂತ್ರದ ಎಷ್ಟು ವೇಳೆಯನ್ನು ತಿಂದಿದೆ ಎಂಬುದನ್ನೂ ಬರೆದಿಡುತ್ತದೆ. ಯುನಿಕ್ಸ್ ಕುಲದ ಗಣಕಗಳಲ್ಲಿ ಈ ಪಟ್ಟಿಯನ್ನು ಕೇಳುವ ಆಜ್ಞೆಗೆ ಪಿಎಸ್ ಎಂದು ಹೆಸರು, ವಿಂಡೋಸ್‌ನಲ್ಲಿ ಟಾಸ್ಕ್‌ಲಿಸ್ಟ್. ಆಜ್ಞೆಯ ಜೊತೆಗೆ ದೂರದ ಗಣಕದ ಹೆಸರನ್ನೂ ಅಲ್ಲಿಯ ಅಧಿಕಾರದ ಗುಟ್ಟುಪದವನ್ನೂ ಕೊಟ್ಟರಾಯಿತು, ಪಟ್ಟಿ ತಂತಿಯ ಮೇಲೆ ಓಡಿಬರುತ್ತದೆ.

ಹೇಳುವುದಕ್ಕೆ ಸುಲಭ. ಆದರೆ ತೊಡಕುಗಳು ಇಲ್ಲಿಂದಲೇ ಮೊದಲು. ಭಾಲ್ಕಿಯ ಯಂತ್ರದ 412ನೆಯ ಪ್ರೋಸೆಸ್ಸಿಗೂ ಔರಾದಿನ 412ಕ್ಕೂ ಯಾವ ನಂಟೂ ಇಲ್ಲ. ಊರಿನ ಹೆಸರು ಮರೆತು ಸಂಖ್ಯೆಯನ್ನು ಮಾತ್ರ ನೆನಪಿಟ್ಟವನು ಒಬ್ಬರ ಮನೆಯ ದೀಪ ಆರಿಸಲು ಹೋಗಿ ಇನ್ನೊಬ್ಬರ ಒಲೆ ಆರಿಸಿ ಬಂದಾನು. ಪಟ್ಟಿಯೂ ಒಂದು ಛಾಯಾಚಿತ್ರವೇ ಹೊರತು ಕನ್ನಡಿಯಲ್ಲ. ಅದು ಬೀದರಿಗೆ ಬಂದು ಮುಟ್ಟುವಷ್ಟರಲ್ಲಿ ಕೆಲವು ಕೆಲಸಗಳು ಮುಗಿದಿರುತ್ತವೆ, ಕೆಲವು ಹೊಸದಾಗಿ ಹುಟ್ಟಿರುತ್ತವೆ. ಮುಗಿದುದರ ಸಂಖ್ಯೆ ಮುಂದೆ ಬೇರೆಯದಕ್ಕೆ ದೊರೆಯುವುದೂ ಉಂಟು. ಇನ್ನು, ಕೇಳಿದಾಗ ಉತ್ತರ ಹೇಳುವುದು ಯಾರು? ಆ ಯಂತ್ರದೊಳಗೆ ಸದಾ ಕಿವಿಗೊಟ್ಟು ಕುಳಿತ ಇನ್ನೊಂದು ಪ್ರೋಸೆಸ್. ಯಂತ್ರ ಕತ್ತಿನವರೆಗೆ ಕೆಲಸದಲ್ಲಿ ಮುಳುಗಿದ್ದರೆ ಆ ದ್ವಾರಪಾಲಕನಿಗೂ ಬಾಯಿ ತೆರೆಯುವ ಸರದಿ ಬರುವುದಿಲ್ಲ. ಆಗ ಬೀದರಿನಲ್ಲಿ ಕುಳಿತವನಿಗೆ ಬರುವುದು ಮೌನ ಮಾತ್ರ. ತಂತಿ ಕಡಿದದ್ದೋ, ಯಂತ್ರ ಉಸಿರುಗಟ್ಟಿದ್ದೋ? ಎರಡಕ್ಕೂ ಮೌನ ಒಂದೇ. ಇಂತಹ ವೇಳೆಯಲ್ಲಿ ಹಳೆಯ ದೂರವಾಣಿಯಷ್ಟು ಉಪಕಾರಿ ಮತ್ತಾವುದೂ ಇಲ್ಲ.

ದೂರದಿಂದ ಇಣುಕುವ ಈ ಹಂಬಲ ಹೊಸದಲ್ಲ. 1971ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಲೆಸ್ ಅರ್ನೆಸ್ಟ್ ಎಂಬವರು, ಗಣಕದ ಮುಂದೆ ಯಾರಿದ್ದಾರೆಂದು ತಿಳಿಸುವ ಒಂದು ಪ್ರೋಗ್ರಾಮು ಬರೆದರು. ಅದುವರೆಗೆ ಜನ ಉದ್ದನೆಯ ಪಟ್ಟಿಯ ಮೇಲೆ ಬೆರಳಾಡಿಸುತ್ತ ತಮಗೆ ಬೇಕಾದವರನ್ನು ಹುಡುಕುತ್ತಿದ್ದುದನ್ನು ಕಂಡಿದ್ದ ಅವರು ಅದಕ್ಕೆ ‘ಫಿಂಗರ್’ ಎಂದೇ ಹೆಸರಿಟ್ಟರು. ಬರಬರುತ್ತ ಅದು ದೂರದ ಯಂತ್ರಗಳನ್ನೂ ವಿಚಾರಿಸತೊಡಗಿತು. ಒಂದೊಂದು ಯಂತ್ರದಲ್ಲಿಯೂ ಅದಕ್ಕಾಗಿ ಉತ್ತರ ಹೇಳುವ ದ್ವಾರಪಾಲಕನೊಬ್ಬ ಕುಳಿತ.

ಕಳ್ಳ ನುಗ್ಗಿದುದು ಅದೇ ಬಾಗಿಲಿನಿಂದ. 1988ರ ನವೆಂಬರ್ 2ರ ಸಂಜೆ, ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬಿಟ್ಟ ಹುಳುವೊಂದು ಅಮೆರಿಕದ ಗಣಕಜಾಲದಲ್ಲಿ ಹರಿದಾಡಿತು. ಅದಕ್ಕೆ ಹಲವು ದಾರಿಗಳಿದ್ದವು. ಅವುಗಳಲ್ಲಿ ಫಿಂಗರ್ ಒಂದು. 512 ಅಕ್ಷರ ಹಿಡಿಯುವ ಪಾತ್ರೆಗೆ 536 ಅಕ್ಷರ ಸುರಿದು, ತುಳುಕಿದ ಭಾಗದ ನೆರವಿನಿಂದ ಯಂತ್ರವು ತನ್ನ ಆಜ್ಞೆಯನ್ನು ನಡೆಸುವಂತೆ ಮಾಡಿತು. ಒಳಹೊಕ್ಕ ಮೇಲೆ ಮಾಡಿದ ಉಪಾಯ ಇನ್ನೂ ಸೊಗಸು. ಪ್ರೋಸೆಸ್‌ಗಳ ಪಟ್ಟಿಯಲ್ಲಿ ತನ್ನ ಹೆಸರನ್ನು ‘ಎಸ್‌ಎಚ್’ ಎಂದು ಬದಲಿಸಿಕೊಂಡಿತು. ಅದು ಯಾವ ಯಂತ್ರದಲ್ಲಿಯೂ ಕಾಣುವ, ಯಾರೂ ಎರಡನೆಯ ಸಲ ನೋಡದ ಸಾಮಾನ್ಯ ಸೇವಕನ ಹೆಸರು. ಸಂಖ್ಯೆಯ ಜಾಡು ಹಿಡಿಯಬಾರದೆಂದು ಆಗಾಗ ಮರುಹುಟ್ಟು ಪಡೆದು ಸಂಖ್ಯೆಯನ್ನೂ ಬದಲಿಸಿತು. ಆದರೆ ಒಂದೇ ಯಂತ್ರದಲ್ಲಿ ಅದರ ಸಂತಾನ ಮಿತಿಮೀರಿ ಯಂತ್ರಗಳು ನೆಲಕಚ್ಚಿದವು. ಸುಮಾರು 6,000 ಯಂತ್ರಗಳು ಎಂಬ ಅಂದಾಜು ಅಂದಿನಿಂದಲೂ ಬಳಕೆಯಲ್ಲಿದೆ. ಮಾರಿಸನಿಗೆ ಸೆರೆಮನೆಯಾಗಲಿಲ್ಲ, ದಂಡವೂ ಸಮಾಜಸೇವೆಯ ಶಿಕ್ಷೆಯೂ ಆದವು. 2017ರ ಜೂನ್‌ನಲ್ಲಿ ಯುಕ್ರೇನಿನಿಂದ ಹಬ್ಬಿದ ನಾಟ್‌ಪೆಟ್ಯಾ ಎಂಬ ಪಿಡುಗು ಸಹ, ದೂರದ ಯಂತ್ರಗಳನ್ನು ನೋಡಿಕೊಳ್ಳುವವರ ಹತಾರವಾದ ಪಿಎಸ್‌ಎಕ್ಸೆಕ್ ಅನ್ನೇ ಕೈಗೆತ್ತಿಕೊಂಡಿತು.

ಆದುದರಿಂದಲೇ ಬಲ್ಲವರು ಕಂಡಿಗಳನ್ನು ಹಗಲಿರುಳೂ ತೆರೆದಿಡುವುದಿಲ್ಲ. ಯಾರು, ಯಾವ ಯಂತ್ರದಿಂದ, ಯಾವ ಗುಟ್ಟುಪದ ಹಿಡಿದು ಇಣುಕಬಹುದೆಂದು ಕಟ್ಟುಪಾಡು ಮಾಡಿರುತ್ತಾರೆ. ‘ಭೂಮಿ’ಯಲ್ಲಿ ಗುಟ್ಟುಪದವೊಂದನ್ನೇ ನೆಚ್ಚದೆ ನೌಕರನ ಬೆರಳಚ್ಚನ್ನೂ ಕೇಳುವ ಏರ್ಪಾಡು ಆರಂಭದಿಂದ ಇದ್ದುದು ವಿವೇಕದ ಕೆಲಸ. ಖಾತೆ ಬದಲಾವಣೆಗೆ ಕೈಹಚ್ಚಿದವನು ತಾನಲ್ಲವೆಂದು ಆಮೇಲೆ ಹೇಳುವಂತಿಲ್ಲ. ಗುಮಾಸ್ತನ ಪರದೆಯೊಳಗಿನ ಎಲ್ಲವನ್ನೂ ಮೇಲಿನವರು ನೋಡುತ್ತಿದ್ದಾರೆಂಬ ಅಳುಕು ಅವನಿಗೆ ಇದ್ದರೆ ಅದೂ ಸಹಜವೇ. ಮಧ್ಯಾಹ್ನದ ಹೊತ್ತು ಇಸ್ಪೀಟಿನ ಆಟ ತೆರೆದರೂ ಪಟ್ಟಿಯಲ್ಲಿ ಅದಕ್ಕೊಂದು ಸಾಲು ಬೀಳುತ್ತದೆ!

ಔರಾದಿನ ಮುದುಕ ಇನ್ನೂ ನಿಂತೇ ಇದ್ದಾನೆ. ಬೀದರಿನವನ ಮುಂದಿನ ಪಟ್ಟಿಯಲ್ಲಿ ಎರಡು ಸಾಲುಗಳು ಸಂಶಯಕ್ಕೆ ಎಡೆಗೊಡುತ್ತವೆ. ಒಂದು, ದಾಖಲೆಯ ಪ್ರೋಸೆಸ್. ಬಹಳ ಹೊತ್ತಿನಿಂದ ದುಡಿಯುತ್ತಿದೆ. ಇನ್ನೊಂದು, ಮುದ್ರಣದ ಸರದಿಯನ್ನು ಕಾಯುವ ಸ್ಪೂಲರ್. ಮೊದಲನೆಯದನ್ನು ತಟ್ಟನೆ ಕೊಂದುಬಿಟ್ಟರೆ ಯಂತ್ರ ಹಗುರವಾದೀತು. ಆದರೆ ಆ ಕ್ಷಣದಲ್ಲಿ ಅದು ಯಾರದೋ ಹೊಲದ ಖಾತೆ ಬದಲಿಸುತ್ತಿದ್ದರೆ? ಒಳ್ಳೆಯ ದತ್ತಸಂಚಯಗಳು ಅರ್ಧಕ್ಕೆ ನಿಂತ ಕೆಲಸವನ್ನು ಹಿಂದಕ್ಕೆ ತಿರುಗಿಸಿಕೊಳ್ಳುತ್ತವೆ, ನಿಜ. ಆದರೂ ಅದನ್ನು ನಂಬಿ ಪರರ ಹೊಲದ ಮೇಲೆ ಪಂಥ ಕಟ್ಟುವವನು ಜಾಣನಲ್ಲ. ಅವನು ಔರಾದಿಗೆ ದೂರವಾಣಿ ಮಾಡಿ, ‘ಒಳಗೆ ಯಾರಾದರೂ ಖಾತೆ ಬದಲಾವಣೆ ಮಾಡುತ್ತಿದ್ದಾರೆಯೇ?’ ಎಂದು ವಿಚಾರಿಸುತ್ತಾನೆ. ಹೌದು, ಮಾಡುತ್ತಿದ್ದಾರೆ. ಅದನ್ನು ಮುಟ್ಟದೆ ಸ್ಪೂಲರನ್ನು ಮಾತ್ರ ನಿಲ್ಲಿಸಿ, ಸಿಕ್ಕಿಕೊಂಡಿದ್ದ ಸರದಿಯನ್ನು ಅಳಿಸಿ, ಮತ್ತೆ ಆರಂಭಿಸುತ್ತಾನೆ. ಸರದಿಯಲ್ಲಿದ್ದ ಏಳೆಂಟು ಮಂದಿಯ ಕಾಗದಗಳನ್ನು ಗುಮಾಸ್ತ ಇನ್ನೊಮ್ಮೆ ಕಳುಹಿಸಬೇಕಾಗುತ್ತದೆ. ಅವನ ಗೊಣಗು ದೂರವಾಣಿಯಲ್ಲಿ ಬೀದರಿಗೂ ಕೇಳಿಸುತ್ತದೆ. ಹಾಳೆ ಹೊರಬಂದಾಗ ಮುದುಕ ಅದನ್ನು ಬೆಳಕಿಗೆ ಹಿಡಿದು ಸರ್ವೆ ನಂಬರನ್ನೂ ತಂದೆಯ ಹೆಸರನ್ನೂ ಮಗ್ಗುಲಿನವನಿಂದ ಎರಡು ಸಲ ಓದಿಸಿಕೊಂಡು, ಬಸ್ ನಿಲ್ದಾಣದ ಕಡೆಗೆ ಹೊರಡುತ್ತಾನೆ.