ಮದುವೆಗೆ ಊರೆಲ್ಲ ಸಾಕ್ಷಿ, ಕಾಗದ ಎಲ್ಲಿದೆ?

ಗಂಡ ದುಡಿಯಲು ಪರಸ್ಥಳಕ್ಕೆ ಹೋಗುವುದು, ಹೆಂಡತಿ ಊರಲ್ಲಿ ಅತ್ತೆ-ಮಾವ, ಮಕ್ಕಳನ್ನು ನೋಡಿಕೊಂಡು ಕಾಯುವುದು ನಮ್ಮ ಕರಾವಳಿಯ ಮನೆಗಳಿಗೆ ಹೊಸ ಮಾತಲ್ಲ. ಮೊದಲು ಮುಂಬೈ, ಆಮೇಲೆ ಗಲ್ಫ್. ಈಗ ಆ ಲೆಕ್ಕ ನಮ್ಮ ಕಣ್ಣೆದುರೇ ತಿರುಗುತ್ತಿದೆ. ಕುವೈತ್, ಮಸ್ಕತ್, ದುಬೈ, ರಿಯಾದ್ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ದುಡಿದ ನಮ್ಮ ನರ್ಸ್ ಹೆಣ್ಣುಮಕ್ಕಳು ಐರ್ಲೆಂಡಿಗೆ ಹೊರಡುತ್ತಿದ್ದಾರೆ. ಆಸ್ಪತ್ರೆಯಲ್ಲೇ ಕೆಲಸ ಮಾಡುವ ನಮಗೆ ಇದು ಚೆನ್ನಾಗಿ ಗೊತ್ತು. ವಾರ್ಡುಗಳಲ್ಲಿ ಬೀಳ್ಕೊಡುಗೆಯ ಕೇಕ್ ಕತ್ತರಿಸದ ತಿಂಗಳು ಕಡಿಮೆ. ಹೆಂಡತಿ ಡಬ್ಲಿನ್ನಿಗೆ, ಮಕ್ಕಳು ಅಜ್ಜಿಯ ಮನೆಗೆ, ಗಂಡ ಮಾತ್ರ ಇಲ್ಲೇ ಬ್ಯಾಚುಲರ್ ರೂಮಿಗೆ.

ಐರ್ಲೆಂಡ್ ಎಂದರೆ ನಮ್ಮಲ್ಲಿ ಅನೇಕರಿಗೆ ಮೊದಲು ನೆನಪಾಗುವುದು ಬೆಳಗಾವಿಯ ಸವಿತಾ ಹಾಲಪ್ಪನವರ್. ಎಂಜಿನಿಯರ್ ಗಂಡನ ಜೊತೆ ಗಾಲ್ವೇ ನಗರದಲ್ಲಿ ಸಂಸಾರ ಹೂಡಿದ್ದ ದಂತವೈದ್ಯೆ. ಕೇಳಿದ ಗರ್ಭಪಾತ ಸಿಗದೆ, ಸೋಂಕು ಏರಿ 2012ರ ಅಕ್ಟೋಬರ್ 28ರಂದು ತೀರಿಕೊಂಡರು. 2018ರ ಮೇ ತಿಂಗಳ ಜನಮತ ಗಣನೆಯಲ್ಲಿ ಆ ದೇಶದ ಸಂವಿಧಾನವೇ ಬದಲಾಗುವಾಗ ಜನರ ನಾಲಿಗೆಯ ಮೇಲಿದ್ದ ಹೆಸರು ಅವರದ್ದು. ಆ ಕಾಲದಲ್ಲಿ ನಮ್ಮವರಲ್ಲಿ ಗಂಡನ ಹಿಂದೆ ಹೋಗುತ್ತಿದ್ದವರು ಹೆಂಡತಿಯರು. ಇಂದು ಹೆಂಡತಿಯ ಸ್ಪಾನ್ಸರ್‌ಶಿಪ್ ಮೇಲೆ ಹೋಗಲು ಅರ್ಜಿ ಹಾಕುತ್ತಿರುವವರು ಗಂಡಂದಿರು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ತಯಾರಿ ಇಲ್ಲದೆ ಹೊರಡುವುದು ಮಾತ್ರ ತಪ್ಪು. ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಇಷ್ಟೇ: ಈ ವೀಸಾ ಏಜೆಂಟನ ಕೈಯಲ್ಲಿಲ್ಲ, ನಾವು ವರ್ಷಗಳಿಂದ ಇಟ್ಟುಕೊಂಡ, ಅಥವಾ ಇಟ್ಟುಕೊಳ್ಳದ, ಕಾಗದಗಳಲ್ಲಿದೆ.

ಮೊದಲು ನಿಯಮ ತಿಳಿಯೋಣ. ನರ್ಸ್ ಐರ್ಲೆಂಡಿಗೆ ಕಾಲಿಟ್ಟ ದಿನವೇ ಕುಟುಂಬಕ್ಕೆ ಹಕ್ಕು ಬರುವುದಿಲ್ಲ. ಆಪ್ಟಿಟ್ಯೂಡ್ ಪರೀಕ್ಷೆ ಅಥವಾ ಅಡಾಪ್ಟೇಷನ್ ಮುಗಿಯುವವರೆಗೆ ಆಕೆ ಇರುವುದು ಎಟಿಪಿಕಲ್ ವರ್ಕಿಂಗ್ ಸ್ಕೀಮ್ ಎಂಬ ತಾತ್ಕಾಲಿಕ ಅನುಮತಿಯಲ್ಲಿ. ಅದರ ಮೇಲೆ ಗಂಡ, ಮಕ್ಕಳನ್ನು ಕರೆಸಿಕೊಳ್ಳಲಾಗದು. ಅಲ್ಲಿನ ನರ್ಸಿಂಗ್ ಮಂಡಳಿಯಲ್ಲಿ ನೋಂದಣಿಯಾಗಿ, ಕ್ರಿಟಿಕಲ್ ಸ್ಕಿಲ್ಸ್ ಪರ್ಮಿಟ್ ಕೈಗೆ ಬಂದ ಮೇಲೆ ಕಾಯುವ ಅವಧಿ ಇಲ್ಲ. ಕೂಡಲೇ ಅರ್ಜಿ ಹಾಕಬಹುದು. 2019ರ ಮಾರ್ಚ್‌ನಿಂದ ಈ ಪರ್ಮಿಟ್ ಇರುವವರ ಗಂಡ ಅಥವಾ ಹೆಂಡತಿಗೆ 'ಸ್ಟ್ಯಾಂಪ್ 1ಜಿ' ಸಿಗುತ್ತಿದೆ. ಅದಿದ್ದರೆ ಬೇರೆ ವರ್ಕ್ ಪರ್ಮಿಟ್ ಇಲ್ಲದೆ ಕೆಲಸ ಮಾಡಬಹುದು. ಅದಕ್ಕೆ ಮುಂಚೆ ಕೆಲಸಕ್ಕೆ ಪ್ರತ್ಯೇಕ ಪರ್ಮಿಟ್ ಬೇಕಿತ್ತು.

ಹೆಲ್ತ್ ಕೇರ್ ಅಸಿಸ್ಟೆಂಟ್ ಆಗಿ ಹೋದವರ ಕಥೆ ಬೇರೆ. ಅವರದ್ದು ಜನರಲ್ ಪರ್ಮಿಟ್. ಕುಟುಂಬಕ್ಕೆ ಅರ್ಜಿ ಹಾಕಲು ಮೊದಲು ಒಂದು ವರ್ಷ ದುಡಿದಿರಬೇಕು. ಜೊತೆಗೆ ಆದಾಯದ ಮಿತಿ ಉಂಟು. 2024ರಲ್ಲಿ ಅವರ ಕನಿಷ್ಠ ಸಂಬಳ ವರ್ಷಕ್ಕೆ 30,000 ಯೂರೋಗೆ ಏರಿತು. ವಾರಕ್ಕೆ ಲೆಕ್ಕ ಹಾಕಿದರೆ ತೆರಿಗೆ ಹಿಡಿಯುವ ಮುಂಚೆಯೇ ಸುಮಾರು 577 ಯೂರೋ. ಆದಾಯ ಅಳೆಯಲು ಅವರು ನೋಡುವ ವರ್ಕಿಂಗ್ ಫ್ಯಾಮಿಲಿ ಪೇಮೆಂಟ್ ಪಟ್ಟಿಯಲ್ಲಿ ಆ ವರ್ಷ ಒಂದು ಮಗುವಿನ ಕುಟುಂಬಕ್ಕೆ ವಾರಕ್ಕೆ 645, ಎರಡು ಮಕ್ಕಳಿದ್ದರೆ 746 ಯೂರೋ ಇತ್ತು. ಅಂದರೆ ಕನಿಷ್ಠ ಸಂಬಳಕ್ಕೆ ಕರೆದುಕೊಂಡು ಹೋದವರಿಗೆ ಮಗುವನ್ನು ಕರೆಸುವ ದಾರಿ ಆ ಸಂಬಳದಲ್ಲೇ ಮುಚ್ಚಿತ್ತು. 2024ರ ಮೇ 15ರಿಂದ ಜನರಲ್ ಪರ್ಮಿಟ್‌ನವರ ಸಂಗಾತಿಗೂ ಕೆಲಸದ ಹಕ್ಕು ಕೊಟ್ಟಿದ್ದಾರೆ, ಒಳ್ಳೆಯದೇ. ಆದರೆ ಕೆಲಸದ ಹಕ್ಕು ಸಿಗಬೇಕಾದರೆ ಮೊದಲು ಆ ದೇಶದೊಳಗೆ ಕಾಲಿಡಬೇಕಲ್ಲ!

ಗಲ್ಫಿನ ನಮಗೆ ಇದು ಅರ್ಥವಾಗದ ವಿಷಯವೇನಲ್ಲ. ಯುಎಇಯಲ್ಲಿ 4,000 ದಿರ್ಹಮ್, ಅಥವಾ 3,000 ದಿರ್ಹಮ್ ಜೊತೆಗೆ ವಸತಿ ಇದ್ದವನಿಗೆ ಮಾತ್ರ ಫ್ಯಾಮಿಲಿ ವೀಸಾ. ಸಂಬಳದ ಚೀಟಿ ನೋಡಿ ಸಂಸಾರ ಮಂಜೂರು ಮಾಡುವ ಪದ್ಧತಿ ಯುರೋಪಿಗೆ ಹೋದ ಮಾತ್ರಕ್ಕೆ ತಪ್ಪುವುದಿಲ್ಲ. ವಯಸ್ಸಾದವರಿಗೆ ಸ್ನಾನ ಮಾಡಿಸಿ ಊಟ ಮಾಡಿಸುವ ಕೈ ಬೇಕು, ಆ ಕೈ ಹಿಡಿದ ಮಗು ಬೇಡ ಎನ್ನುವುದು ನ್ಯಾಯವಲ್ಲ ಎಂಬುದೇ ನಮ್ಮ ಅಭಿಪ್ರಾಯ. ಹಾಗಾಗಿ ಕೇರ್ ಅಸಿಸ್ಟೆಂಟ್ ಕೆಲಸಕ್ಕೆ ಸಹಿ ಹಾಕುವ ಮುಂಚೆ ಈ ಲೆಕ್ಕವನ್ನು ಗಂಡ ಹೆಂಡತಿ ಒಟ್ಟಿಗೆ ಕೂತು ಮಾಡಲಿ. 'ಹೋದ ಮೂರೇ ತಿಂಗಳಲ್ಲಿ ಫ್ಯಾಮಿಲಿ ಕರೆಸಬಹುದು' ಎನ್ನುವವನ ಬಳಿ ಯಾವ ಪರ್ಮಿಟ್ ಎಂದು ಕೇಳಿ.

ಇನ್ನು ಅರ್ಜಿಯ ವಿಷಯ. ದೀರ್ಘಾವಧಿಯ 'ಡಿ' ವೀಸಾಕ್ಕೆ, 'ಜಾಯಿನ್ ಫ್ಯಾಮಿಲಿ' ವಿಭಾಗದಲ್ಲಿ ಆನ್‌ಲೈನ್ ಅರ್ಜಿ ತುಂಬಿ, ಅದರ ಪ್ರತಿಗೆ ಸಹಿ ಹಾಕಿ ದಾಖಲೆಗಳ ಜೊತೆ ಕೊಡಬೇಕು. ಶುಲ್ಕ ಒಂದು ಪ್ರವೇಶಕ್ಕೆ 60 ಯೂರೋ, ಹಲವು ಪ್ರವೇಶಕ್ಕೆ 100. ಇಷ್ಟು ಸುಲಭ. ಕಷ್ಟ ಇರುವುದು ಒಂದೇ ಪ್ರಶ್ನೆಯಲ್ಲಿ: ನೀವಿಬ್ಬರು ನಿಜವಾಗಿ ಗಂಡ ಹೆಂಡತಿ ಎನ್ನುವುದಕ್ಕೆ ಏನು ಆಧಾರ? ಇದನ್ನು ತೋರಿಸುವ ಹೊಣೆ ಪೂರ್ತಿ ಅರ್ಜಿದಾರನದ್ದು. ಚಪ್ಪರ ಹಾಕಿ ಸಾವಿರ ಜನಕ್ಕೆ ಊಟ ಹಾಕಿದ್ದೇವೆ, ಊರೆಲ್ಲ ಸಾಕ್ಷಿ ಎಂದರೆ ವೀಸಾ ಅಧಿಕಾರಿಗೆ ಊರು ಗೊತ್ತಿಲ್ಲ. ವೈದ್ಯರ ಸಹಿ ಇಲ್ಲದ ಚೀಟಿಗೆ ನಾವು ಫಾರ್ಮಸಿಯಲ್ಲಿ ಔಷಧ ಕೊಡುತ್ತೇವೆಯೇ? ರೋಗಿಯ ನೋವು ಸುಳ್ಳೆಂದು ಅಲ್ಲ, ಚೀಟಿಯೇ ನಮಗೆ ಆಧಾರ ಎಂದು. ಅವರದ್ದೂ ಹಾಗೆಯೇ.

2006ರಲ್ಲೇ ಸುಪ್ರೀಂ ಕೋರ್ಟ್ ಎಲ್ಲ ಮದುವೆಗಳ ನೋಂದಣಿ ಕಡ್ಡಾಯವಾಗಬೇಕೆಂದು ರಾಜ್ಯಗಳಿಗೆ ನಿರ್ದೇಶನ ಕೊಟ್ಟಿತು. ಆದರೂ ಛತ್ರದ ರಸೀದಿ, ಲಗ್ನಪತ್ರಿಕೆ, ಆಲ್ಬಮ್ ಇಟ್ಟುಕೊಂಡು ನೋಂದಣಿ ಮರೆತವರು ನಮ್ಮಲ್ಲಿ ಎಷ್ಟೋ ಮಂದಿ. ಹಿಂದೂ ವಿವಾಹ ಕಾಯ್ದೆಯಡಿ ಸಬ್ ರಿಜಿಸ್ಟ್ರಾರ್ ಕಚೇರಿಯ ಕೆಲಸವನ್ನು ಒಂದು ರಜೆಯಲ್ಲಿ ಮುಗಿಸಿಕೊಳ್ಳಬಹುದು. ವಿಶೇಷ ವಿವಾಹ ಕಾಯ್ದೆಯಡಿ ಹೋಗಬೇಕಾದವರಿಗೆ ಹಾಗಲ್ಲ: ಆ ಜಿಲ್ಲೆಯಲ್ಲಿ 30 ದಿನದ ವಾಸ, ಆಮೇಲೆ 30 ದಿನದ ನೋಟಿಸ್. ತಿಂಗಳ ರಜೆಯ ಮೇಲೆ ಹೋಗುವ ಗಲ್ಫ್ ನೌಕರನಿಗೆ ಇದು ನಡೆಯದ ಲೆಕ್ಕ. ಚರ್ಚಿನ ಪತ್ರ, ನಿಕಾಹ್‌ನಾಮೆ ಇದ್ದವರೂ ಸರ್ಕಾರಿ ನೋಂದಣಿಯ ಪ್ರಮಾಣಪತ್ರ ತಮ್ಮ ಬಳಿ ಇದೆಯೇ ಎಂದು ಈಗಲೇ ನೋಡಿಕೊಳ್ಳಲಿ. ಪತ್ರ ಕನ್ನಡದಲ್ಲಿದ್ದರೆ ದೃಢೀಕರಿಸಿದ ಇಂಗ್ಲಿಷ್ ಅನುವಾದ ಬೇಕು. ದುಬೈಗೆಂದು ಮಾಡಿಸಿದ ಎಂಬೆಸಿ ಅಟೆಸ್ಟೇಷನ್ ಬೇರೆ, ಅಪಾಸ್ಟಿಲ್ ಬೇರೆ ಎಂಬುದೂ ನೆನಪಿರಲಿ.

ಎರಡನೆಯದು ಹೆಸರು. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಸೇರಿ ಪೂರ್ತಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಮದುವೆಯ ಪತ್ರದಲ್ಲಿ ಮನೆತನದ ಹೆಸರು. ಊರಿನಲ್ಲಿ ಇದು ಒಬ್ಬನೇ ಮನುಷ್ಯ. ಕಡತದಲ್ಲಿ ಮೂವರು. ಇದನ್ನು ಅರ್ಜಿ ಹಾಕುವ ವಾರ ಸರಿಮಾಡಲು ಆಗುವುದಿಲ್ಲ.

ಮೂರನೆಯದು, ಜೊತೆಯಾಗಿ ಬಾಳಿದ್ದಕ್ಕೆ ಆಧಾರ. ಬರೀ ಫೋನ್, ವಿಡಿಯೋ ಕಾಲ್ ಸಾಲದು, ಮುಖಾಮುಖಿ ಭೇಟಿ ಆಗಿರಬೇಕು ಎಂಬುದು ಅಲ್ಲಿನ ನಿಯಮ. ಮದುವೆಯಾಗಿ ಹತ್ತು ವರ್ಷದಲ್ಲಿ ಒಟ್ಟು ಹತ್ತು ತಿಂಗಳು ಮಾತ್ರ ಜೊತೆಗಿದ್ದ ದಂಪತಿ ನಮ್ಮಲ್ಲಿ ಕಡಿಮೆಯೇ? ಅಂಥವರಿಗೆ ವಿಮಾನದ ಟಿಕೆಟ್, ಬೋರ್ಡಿಂಗ್ ಪಾಸೇ ಸಂಸಾರದ ದಾಖಲೆ. ಯುಎಇಯಲ್ಲಿ 2022ರಿಂದ ಪಾಸ್‌ಪೋರ್ಟಿಗೆ ರೆಸಿಡೆನ್ಸ್ ವೀಸಾ ಅಂಟಿಸುವುದನ್ನು ನಿಲ್ಲಿಸಿದ್ದಾರೆ. ಸ್ಮಾರ್ಟ್ ಗೇಟಿನಲ್ಲಿ ಹೋದರೆ ಮೊಹರೂ ಬೀಳುವುದಿಲ್ಲ. ಆದ್ದರಿಂದ ಪ್ರತಿ ರಜೆಯ ಟಿಕೆಟ್ ಇಮೇಲನ್ನು ಒಂದು ಫೋಲ್ಡರಿನಲ್ಲಿ ಉಳಿಸಿ. ಊರಿಗೆ ಕಳಿಸಿದ ಹಣವನ್ನು ಬ್ಯಾಂಕ್ ಅಥವಾ ಎಕ್ಸ್‌ಚೇಂಜ್ ಮೂಲಕವೇ, ಹೆಂಡತಿಯ ಖಾತೆಗೇ ಕಳಿಸಿ, ರಸೀದಿ ಇಡಿ. ಹುಂಡಿಯಲ್ಲಿ ಕಳಿಸಿದ ಹಣ ಹೊಟ್ಟೆ ತುಂಬಿಸಬಹುದು, ಸಾಕ್ಷಿ ಹೇಳುವುದಿಲ್ಲ.

ಈ ಜಾಗದಲ್ಲೇ ಏಜೆಂಟ್ ಬರುತ್ತಾನೆ. 'ಹಳೆಯ ರಿಜೆಕ್ಷನ್ ಬರೆಯಬೇಡಿ', 'ಬ್ಯಾಂಕಿನಲ್ಲಿ ಒಂದು ವಾರ ಹಣ ತೋರಿಸೋಣ', 'ಸರ್ಟಿಫಿಕೇಟ್ ನಾವೇ ಮಾಡಿಸಿಕೊಡುತ್ತೇವೆ'. ಯಾವ ದೇಶದಲ್ಲಿ ವೀಸಾ ನಿರಾಕರಣೆಯಾಗಿದ್ದರೂ ಅರ್ಜಿಯಲ್ಲಿ ಹೇಳಲೇಬೇಕು. ಹೇಳಿದರೆ ಅದೊಂದು ಪ್ರಶ್ನೆ, ಮುಚ್ಚಿಟ್ಟರೆ ಅದೇ ನಿರಾಕರಣೆಗೆ ಕಾರಣ. ನಿರಾಕರಣೆಯಾದರೂ ಎಲ್ಲ ಮುಗಿಯಿತೆಂದಲ್ಲ. ಪತ್ರದಲ್ಲಿ ಕಾರಣ ಇರುತ್ತದೆ. ಎರಡು ತಿಂಗಳೊಳಗೆ ಮೇಲ್ಮನವಿ ಹಾಕಬಹುದು, ಅದಕ್ಕೆ ಶುಲ್ಕವಿಲ್ಲ. ಆದರೆ ಒಂದು ಅರ್ಜಿಗೆ ಒಂದೇ ಮೇಲ್ಮನವಿ. ಆದ್ದರಿಂದ ಸಿಟ್ಟಿನಲ್ಲಿ ನಾಲ್ಕು ಸಾಲು ಬರೆದು ಕಳಿಸದೆ ಪ್ರತಿಯೊಂದು ಕಾರಣಕ್ಕೂ ದಾಖಲೆ ಸಮೇತ ಉತ್ತರ ಕೊಡಿ.

ಇನ್ನೊಂದು ಮಾತು ಗಂಡಂದಿರಿಗೆ. ವೀಸಾ ಕೈಗೆ ಬರುವ ಮುಂಚೆ ಇಲ್ಲಿಯ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ, ಇಕಾಮಾ ಕ್ಯಾನ್ಸಲ್ ಮಾಡಿಸಬೇಡಿ. ಗ್ರಾಚ್ಯುಟಿಯನ್ನು ಅಲ್ಲಿಯ ಬಾಡಿಗೆಗೆ ಎತ್ತಿಡಿ, ಡಬ್ಲಿನ್ನಿನ ಬಾಡಿಗೆ ಮನೆ ಹಗುರವಲ್ಲ. ಸ್ಟ್ಯಾಂಪ್ 1ಜಿ ಕೆಲಸ ಮಾಡಲು ಬಿಡುತ್ತದೆ, ಇಲ್ಲಿದ್ದ ಹುದ್ದೆಯನ್ನೇ ಕೊಡುವುದಿಲ್ಲ. ನಮ್ಮಂಥ ಡಿ.ಫಾರ್ಮ್ ಮಾಡಿದವರು ಎರಡು ವರ್ಷದ ಆ ಡಿಪ್ಲೊಮಾ ಹಿಡಿದು ಅಲ್ಲಿ ಫಾರ್ಮಸಿಸ್ಟ್ ಎಂದು ನೋಂದಾಯಿಸಿಕೊಳ್ಳಲು ಆಗದು. ಅಲ್ಲಿ ಕೇಳುವುದು ಪದವಿ. ಕೌಂಟರಿನ ಹಿಂದೆ ಇಪ್ಪತ್ತು ವರ್ಷ ನಿಂತವನು ಗೋದಾಮಿನಲ್ಲಿ ಪೆಟ್ಟಿಗೆ ಎತ್ತಬೇಕಾಗಬಹುದು. ಇದು ಅವಮಾನ ಎನ್ನುವವರು ಒಮ್ಮೆ ಯೋಚಿಸಲಿ: ನಮ್ಮ ವೀಸಾದ ಮೇಲೆ ಗಲ್ಫಿಗೆ ಬಂದು, ಕಲಿತದ್ದನ್ನೆಲ್ಲ ಅಟ್ಟಕ್ಕಿಟ್ಟು, ಫ್ಲಾಟಿನ ನಾಲ್ಕು ಗೋಡೆಯೊಳಗೆ ವರ್ಷ ಕಳೆದ ಹೆಂಡತಿಯರನ್ನು ಯಾರೂ ಹೀಗೆ ಕೇಳಲಿಲ್ಲ. ಈಗ ಸರದಿ ನಮ್ಮದು.

ಕೊನೆಯದಾಗಿ ನಮ್ಮ ಸಂಘಗಳಿಗೆ ಒಂದು ವಿನಂತಿ. ರಾಜ್ಯೋತ್ಸವಕ್ಕೆ ಕಲಾವಿದರನ್ನು ಕರೆಸುತ್ತೇವೆ, ಊಟ ಹಾಕಿಸುತ್ತೇವೆ, ರಕ್ತದಾನ ಮಾಡುತ್ತೇವೆ. ಅದರ ಜೊತೆ ವರ್ಷಕ್ಕೆ ಎರಡು ಶುಕ್ರವಾರ ದಾಖಲೆ ನೋಡುವ ಶಿಬಿರ ಇಡೋಣ. ಮದುವೆ ನೋಂದಣಿ ಆಗಿದೆಯೇ, ಹೆಸರು ಎಲ್ಲ ಕಡೆ ಒಂದೇ ಇದೆಯೇ, ಪಾಸ್‌ಪೋರ್ಟಿನಲ್ಲಿ ಸಂಗಾತಿಯ ಹೆಸರು ಸೇರಿದೆಯೇ, ಇಷ್ಟನ್ನು ನೋಡಿ ಹೇಳಲು ವಕೀಲರು ಬೇಕಿಲ್ಲ, ಓದಲು ಬರುವ ನಾಲ್ಕು ಸ್ವಯಂಸೇವಕರು ಸಾಕು. ಈಗಾಗಲೇ ಐರ್ಲೆಂಡ್ ಸೇರಿದ ನಮ್ಮ ಸದಸ್ಯರನ್ನು ಒಂದು ಗಂಟೆ ವಿಡಿಯೋದಲ್ಲಿ ಮಾತನಾಡಿಸೋಣ. ಈ ರಜೆಗೆ ಊರಿಗೆ ಹೋಗುವವರು ಚಿನ್ನ, ಪೆರ್ಫ್ಯೂಮ್ ಪಟ್ಟಿಯ ಮೇಲ್ಗಡೆ 'ಸಬ್ ರಿಜಿಸ್ಟ್ರಾರ್ ಕಚೇರಿ' ಎಂದು ಬರೆದುಕೊಳ್ಳಲಿ. ಐರ್ಲೆಂಡಿಗೆ ಹೋಗದಿದ್ದರೂ ಆ ಒಂದು ಹಾಳೆ ವ್ಯರ್ಥವಾಗುವುದಿಲ್ಲ.