ವೈದ್ಯರ ಮೇಜಿನ ಮೇಲೆ ಯಾವ ಪುಸ್ತಕವಿದೆ?

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017, ದೇಶದಲ್ಲಿ ಜಾರಿಗೆ ಬಂದದ್ದು 2018ರ ಮೇ 29ರಂದು. ಈ ಕಾಯ್ದೆಯ 31ನೇ ಕಲಮು ಸರ್ಕಾರಗಳ ಹೆಗಲಿಗೆ ಎರಡು ಹೊಣೆಗಳನ್ನು ಏರಿಸಿದೆ. ಸರ್ಕಾರಿ ಆಸ್ಪತ್ರೆಗಳ ಮತ್ತು ಕಾರಾಗೃಹಗಳ ಎಲ್ಲ ವೈದ್ಯಾಧಿಕಾರಿಗಳಿಗೂ ಮಾನಸಿಕ ಆರೋಗ್ಯದ ಪ್ರಾಥಮಿಕ ಹಾಗೂ ತುರ್ತು ಚಿಕಿತ್ಸೆಯಲ್ಲಿ ತರಬೇತಿ ನೀಡಬೇಕೆಂಬುದು ಒಂದು. ಜನಸಂಖ್ಯೆಗೆ ಅನುಗುಣವಾಗಿ ಅಂತರರಾಷ್ಟ್ರೀಯ ಮಾನದಂಡದಷ್ಟು ಮಾನಸಿಕ ಆರೋಗ್ಯ ತಜ್ಞರನ್ನು ಹತ್ತು ವರ್ಷಗಳೊಳಗೆ ಒದಗಿಸಬೇಕೆಂಬುದು ಮತ್ತೊಂದು. ಎರಡನೆಯ ಹೊಣೆಯ ಗಡುವು 2028ರ ಮೇ ತಿಂಗಳು.

ಈ ಗಡುವಿನೊಳಗೆ ಗುರಿ ಮುಟ್ಟುವುದು ಅಸಾಧ್ಯವೆಂದು ಹೇಳಲು ಜ್ಯೋತಿಷ್ಯ ಬೇಕಿಲ್ಲ, ಸರಳ ಅಂಕಗಣಿತ ಸಾಕು. ಆರೋಗ್ಯ ಸಚಿವಾಲಯಕ್ಕೆ ಸಂಬಂಧಿಸಿದ ಸಂಸದೀಯ ಸ್ಥಾಯಿ ಸಮಿತಿ 2023ರ ತನ್ನ ವರದಿಯಲ್ಲಿ ನೀಡಿದ ಲೆಕ್ಕದಂತೆ ಭಾರತದಲ್ಲಿ ಒಂದು ಲಕ್ಷ ಜನರಿಗೆ 0.75 ಮನೋವೈದ್ಯರಿದ್ದಾರೆ, ಇರಬೇಕಾದದ್ದು ಕನಿಷ್ಠ ಮೂವರು. ಎಂಬಿಬಿಎಸ್ ಮುಗಿಸಿದವರು ಮನೋವೈದ್ಯರಾಗಲು ಮತ್ತೆ ಮೂರು ವರ್ಷ ಓದಬೇಕು. ಆ ಮೇಲೂ ಅವರಲ್ಲಿ ಬಹುಪಾಲು ಮಂದಿ ನೆಲೆಸುವುದು ನಗರಗಳಲ್ಲಿ. ಇನ್ನೊಂದೆಡೆ, ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿ ಒಂದಲ್ಲ ಒಂದು ಮನೋವ್ಯಾಧಿಯಿಂದ ಬಳಲುತ್ತಿದ್ದರು. ಕಾಯಿಲೆಯ ಬಗೆಯನ್ನು ಅವಲಂಬಿಸಿ ಅವರಲ್ಲಿ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ.

ಹೀಗಿರುವಾಗ, ಕಾಯ್ದೆಯ ಮೊದಲ ಹೊಣೆಯೇ ಕಾರ್ಯಸಾಧ್ಯವಾದ ದಾರಿ. ತಜ್ಞರಲ್ಲದ ಸಾಮಾನ್ಯ ವೈದ್ಯರು, ದಾದಿಯರು ಮತ್ತು ಆಪ್ತಸಮಾಲೋಚಕರೇ ಮಾನಸಿಕ ರೋಗಿಗಳ ಮೊದಲ ಆಸರೆಯಾಗಬೇಕು. ಅವರು ಯಾವುದನ್ನು ಓದಿ, ಯಾವುದನ್ನು ಆಧರಿಸಿ ರೋಗವನ್ನು ಗುರುತಿಸಬೇಕು ಎಂಬ ಪ್ರಶ್ನೆ ಉದ್ಭವಿಸುವುದು ಇಲ್ಲಿಯೇ. ಹಾಸಿಗೆ, ಔಷಧ, ಹುದ್ದೆ, ಅನುದಾನಗಳ ಬಗ್ಗೆ ಸಾಕಷ್ಟು ಚರ್ಚಿಸುವ ನಾವು ಪುಸ್ತಕದ ವಿಷಯವನ್ನು ಎತ್ತುವುದೇ ಇಲ್ಲ. ಸೇವೆಯಲ್ಲಿದ್ದಾಗ ಪ್ರಾಥಮಿಕ ಆರೋಗ್ಯ ಕೇಂದ್ರಗಳ ತಪಾಸಣೆಗೆ ಹೋದಾಗಲೆಲ್ಲ ಹಾಜರಿ ಪುಸ್ತಕ, ದಾಸ್ತಾನು ವಹಿ, ಲಸಿಕೆಯ ಶೀತಲ ಪೆಟ್ಟಿಗೆಗಳನ್ನು ನೋಡುವುದು ವಾಡಿಕೆಯಾಗಿತ್ತು. ವೈದ್ಯರ ಬಳಿ ಯಾವ ಕೈಪಿಡಿಯಿದೆ, ಅದು ಯಾವ ವರ್ಷದ್ದು ಎಂದು ಕೇಳುವ ಅಂಕಣವೇ ತಪಾಸಣಾ ನಮೂನೆಯಲ್ಲಿ ಇರಲಿಲ್ಲ.

ದೇಹದ ಕಾಯಿಲೆಗಳಿಗೆ ರಕ್ತಪರೀಕ್ಷೆ, ಎಕ್ಸ್‌ರೇ, ಸ್ಕ್ಯಾನಿಂಗ್‌ಗಳ ನೆರವಿದೆ. ಖಿನ್ನತೆಗೋ ಸ್ಕಿಜೋಫ್ರೇನಿಯಾಕ್ಕೋ ಅಂಥ ಯಾವ ಪರೀಕ್ಷೆಯೂ ಇಲ್ಲ. ರೋಗಿಯ ಮಾತು, ಮನೆಯವರ ಹೇಳಿಕೆ, ವೈದ್ಯರ ಅವಲೋಕನ ಇವಿಷ್ಟೇ ಆಧಾರ. ಇವುಗಳನ್ನು ಒರೆಗೆ ಹಚ್ಚುವ ಮಾನದಂಡ ಇರುವುದು ಪುಸ್ತಕದಲ್ಲಿ. ಆದ್ದರಿಂದ ಬೇರಾವುದೇ ವೈದ್ಯಕೀಯ ಶಾಖೆಗಿಂತ ಮನೋವೈದ್ಯಶಾಸ್ತ್ರದಲ್ಲಿ ಪುಸ್ತಕದ ಅಧಿಕಾರ ದೊಡ್ಡದು. 2017ರ ಕಾಯ್ದೆಯ 3ನೇ ಕಲಮು ಈ ಅಧಿಕಾರಕ್ಕೆ ಕಾನೂನಿನ ಮುದ್ರೆಯನ್ನೇ ಒತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ರೋಗ ವರ್ಗೀಕರಣವೂ ಸೇರಿದಂತೆ ಅಂಗೀಕೃತ ವೈದ್ಯಕೀಯ ಮಾನದಂಡಗಳಿಗೆ ಅನುಸಾರವಾಗಿಯೇ ಮನೋವ್ಯಾಧಿಯನ್ನು ನಿರ್ಧರಿಸಬೇಕೆಂದು ಅದು ವಿಧಿಸುತ್ತದೆ. ಐಸಿಡಿ ಎಂದು ಕರೆಯಲಾಗುವ ಆ ವರ್ಗೀಕರಣದ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ.

ಐಸಿಡಿಯ ಜೊತೆಗೆ ಹೆಚ್ಚು ಚಾಲ್ತಿಯಲ್ಲಿರುವ ಇನ್ನೊಂದು ಗ್ರಂಥ ಅಮೆರಿಕದ ಮನೋವೈದ್ಯರ ಸಂಘ ಪ್ರಕಟಿಸುವ ಡಿಎಸ್‌ಎಂ. ಅದರ 5ನೇ ಆವೃತ್ತಿ 2013ರಲ್ಲಿಯೂ ಪರಿಷ್ಕೃತ ಪಠ್ಯ 2022ರಲ್ಲಿಯೂ ಹೊರಬಂದವು. ಅರ್ಥಶಾಸ್ತ್ರದ ದೃಷ್ಟಿಯಿಂದ ಇವೆರಡರ ನಡುವಿನ ವ್ಯತ್ಯಾಸ ಕುತೂಹಲಕರ. ಐಸಿಡಿ ಯಾರಿಗೆ ಬೇಕಾದರೂ ಉಚಿತವಾಗಿ ಲಭ್ಯವಿರುವ ಸಾರ್ವಜನಿಕ ಸರಕು. ಡಿಎಸ್‌ಎಂ ಸಾವಿರಾರು ರೂಪಾಯಿ ಬೆಲೆಯ, ಅದನ್ನು ಪ್ರಕಟಿಸುವ ಸಂಘಕ್ಕೆ ಗಣನೀಯ ಆದಾಯ ತರುವ ಖಾಸಗಿ ಸರಕು. 5ನೇ ಆವೃತ್ತಿ ಹೊರಬಂದಾಗ ಅದನ್ನು ಕಟುವಾಗಿ ವಿರೋಧಿಸಿದವರಲ್ಲಿ ಪ್ರಮುಖರು, ಅದರ ಹಿಂದಿನ ಆವೃತ್ತಿಯನ್ನು ರೂಪಿಸಿದ ಕಾರ್ಯಪಡೆಯ ಅಧ್ಯಕ್ಷರಾಗಿದ್ದ ಅಲೆನ್ ಫ್ರಾನ್ಸಿಸ್. ಆಪ್ತರ ಸಾವಿನ ದುಃಖದಂಥ ಸಹಜ ಸಂಕಟಕ್ಕೂ ರೋಗದ ಹಣೆಪಟ್ಟಿ ಹಚ್ಚಲು ದಾರಿಯಾಗುತ್ತದೆ, ಅದರಿಂದ ಅನಗತ್ಯ ಔಷಧ ಸೇವನೆ ಹೆಚ್ಚುತ್ತದೆ ಎಂಬುದು ಅವರ ಆಕ್ಷೇಪದ ತಿರುಳು. ಗ್ರಂಥದಲ್ಲಿ ಒಂದು ಸಾಲು ಸೇರಿದರೆ ಅಥವಾ ಬಿಟ್ಟುಹೋದರೆ ಲಕ್ಷಾಂತರ ಜನರು ರೋಗಿಗಳಾಗಬಹುದು ಅಥವಾ ಆರೋಗ್ಯವಂತರಾಗಬಹುದು ಎಂಬುದಕ್ಕೆ ಇದೊಂದು ನಿದರ್ಶನ.

ನಮ್ಮ ನೆಲದ ನಿದರ್ಶನವೂ ಇದೆ. ಸಲಿಂಗಾಕರ್ಷಣೆಯನ್ನು ರೋಗಗಳ ಪಟ್ಟಿಯಿಂದ ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಕೈಬಿಟ್ಟವು. ಆದರೆ ಭಾರತದ ವೈದ್ಯಕೀಯ ವಿದ್ಯಾರ್ಥಿಗಳು ಓದುವ ಹಲವು ಪಠ್ಯಪುಸ್ತಕಗಳಲ್ಲಿ ಹಳೆಯ, ಅವೈಜ್ಞಾನಿಕ ವಿವರಣೆಗಳೇ ಮುಂದುವರಿದವು. ಅವುಗಳನ್ನು ತಿದ್ದುವಂತೆ ರಾಷ್ಟ್ರೀಯ ವೈದ್ಯಕೀಯ ಆಯೋಗವು ವಿಶ್ವವಿದ್ಯಾಲಯಗಳಿಗೂ ಲೇಖಕರಿಗೂ ಸೂಚಿಸಿದ್ದು 2021ರ ಅಕ್ಟೋಬರ್‌ನಲ್ಲಿ. ಅದೂ ಮದ್ರಾಸ್ ಹೈಕೋರ್ಟಿನ ಮಧ್ಯಪ್ರವೇಶದ ಬಳಿಕ. ಇಷ್ಟಾದ ಮೇಲೂ 2024ರ ಆಗಸ್ಟ್ ಕೊನೆಯಲ್ಲಿ ಅದೇ ಆಯೋಗ ಹೊರಡಿಸಿದ ಪಠ್ಯಕ್ರಮದ ವಿಧಿವಿಜ್ಞಾನ ವೈದ್ಯಶಾಸ್ತ್ರದ ಭಾಗದಲ್ಲಿ ಸ್ತ್ರೀ ಸಲಿಂಗಾಕರ್ಷಣೆಯು ಅಸಹಜ ಲೈಂಗಿಕ ಅಪರಾಧಗಳ ಸಾಲಿನಲ್ಲಿ ಮತ್ತೆ ಕಾಣಿಸಿಕೊಂಡಿತು. ತೀವ್ರ ಆಕ್ಷೇಪಗಳು ಬಂದ ನಂತರ ಕೆಲವೇ ದಿನಗಳಲ್ಲಿ ಅದನ್ನು ಹಿಂಪಡೆಯಲಾಯಿತು. ಸಮುದಾಯದ ನೈತಿಕ ಅಥವಾ ಸಾಮಾಜಿಕ ಮೌಲ್ಯಗಳಿಗೆ ಹೊಂದದಿರುವುದನ್ನು ಮನೋವ್ಯಾಧಿಯೆಂದು ಪರಿಗಣಿಸಕೂಡದೆಂದು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಕಾನೂನು ಬದಲಾದರೂ ಪಠ್ಯ ಬದಲಾಗಲು ದಶಕಗಳು ಹಿಡಿಯುವುದಾದರೆ ನಷ್ಟ ಅನುಭವಿಸುವವರು ಯಾರೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಪಠ್ಯದ ಓದಿನ ಸ್ಥಿತಿಯೂ ಆಶಾದಾಯಕವಾಗಿಲ್ಲ. ಎಂಬಿಬಿಎಸ್‌ನಲ್ಲಿ ಮನೋವೈದ್ಯಶಾಸ್ತ್ರಕ್ಕೆ ಪ್ರತ್ಯೇಕ ಪ್ರಶ್ನಪತ್ರಿಕೆಯಿಲ್ಲ. ಅದು ಸಾಮಾನ್ಯ ವೈದ್ಯಶಾಸ್ತ್ರದ ಒಂದು ಅಂಗ ಮಾತ್ರ. ಪರೀಕ್ಷೆಗೆ ಬಾರದ್ದನ್ನು ವಿದ್ಯಾರ್ಥಿ ಓದುವುದಿಲ್ಲ ಎಂಬುದು ನಮ್ಮ ಶಿಕ್ಷಣದ ಹಳೆಯ ಸತ್ಯ. ಹೀಗೆ ಓದಿ ಹೊರಬಂದ ವೈದ್ಯರು ಗ್ರಾಮಾಂತರಕ್ಕೆ ಹೋದಾಗ ಅವರ ಮುಂದೆ ಕುಳಿತವರು ‘ನನಗೆ ಖಿನ್ನತೆ’ ಎಂದು ಹೇಳುವುದಿಲ್ಲ. ‘ಎದೆ ಭಾರ, ಕೈಕಾಲು ಜುಮುಜುಮು, ನಿದ್ದೆ ಹತ್ತುವುದಿಲ್ಲ, ಯಾವುದಕ್ಕೂ ಬೇಜಾರು’ ಎನ್ನುತ್ತಾರೆ. ಉತ್ತರ ಕರ್ನಾಟಕವಾದರೆ ಅದೇ ‘ಬ್ಯಾಸರ’. ಮನಸ್ಸಿನ ನೋವು ದೇಹದ ಭಾಷೆಯಲ್ಲಿ ಹೊರಬರುವುದು ನಮ್ಮಲ್ಲಿ ಸರ್ವೇಸಾಮಾನ್ಯ. ಅದನ್ನು ಗುರುತಿಸದ ವೈದ್ಯರು ಜೀವಸತ್ತ್ವದ ಚುಚ್ಚುಮದ್ದು, ನೋವಿನ ಮಾತ್ರೆ ಅಥವಾ ನಿದ್ದೆಗುಳಿಗೆ ಬರೆದು ಕಳುಹಿಸುತ್ತಾರೆ. ರೋಗಿ ಮುಂದಿನ ವಾರ ಮತ್ತೆ ಬರುತ್ತಾನೆ, ಇಲ್ಲವೇ ಇನ್ನೊಬ್ಬ ವೈದ್ಯರನ್ನು ಹುಡುಕುತ್ತಾನೆ. ಈ ಅಲೆದಾಟದ ಖರ್ಚು ಬೀಳುವುದು ಬಡ ಕುಟುಂಬದ ಮೇಲೆ. ಇನ್ನು, ನಿಷ್ಪಕ್ಷಪಾತವಾದ ಪುಸ್ತಕವಿಲ್ಲದ ಕಡೆ ಆ ಜಾಗ ಖಾಲಿಯಾಗಿ ಉಳಿಯುವುದಿಲ್ಲ. ಔಷಧ ಕಂಪನಿಗಳ ಪ್ರತಿನಿಧಿಗಳು ತರುವ ಬಣ್ಣದ ಕರಪತ್ರಗಳು ಅದನ್ನು ತುಂಬುತ್ತವೆ.

ಪಾಶ್ಚಾತ್ಯ ಪಠ್ಯಗಳು ನಿರುಪಯುಕ್ತವೆಂದು ಇದರ ಅರ್ಥವಲ್ಲ. ತಜ್ಞರಾಗುವವರಿಗೆ ಬೃಹತ್ ಆಕರ ಗ್ರಂಥಗಳು ಬೇಕೇ ಬೇಕು. ಆದರೆ ದಿನಕ್ಕೆ ನೂರು ರೋಗಿಗಳನ್ನು ನೋಡುವ ವೈದ್ಯರಿಗೆ ಬೇಕಾದದ್ದು ಬೇರೆ ಜಾತಿಯ ಪುಸ್ತಕ: ಚಿಕ್ಕದು, ನೇರವಾದದ್ದು, ಯಾವ ಪ್ರಶ್ನೆ ಕೇಳಬೇಕು, ಯಾವ ಔಷಧ ಎಷ್ಟು ಕೊಡಬೇಕು, ಯಾವಾಗ ಮೇಲಿನ ಆಸ್ಪತ್ರೆಗೆ ಕಳುಹಿಸಬೇಕು ಎಂದು ಹೇಳುವಂಥದ್ದು. ಗೋವಾದಲ್ಲಿ ಕೆಲಸ ಮಾಡಿದ ಡಾ. ವಿಕ್ರಮ್ ಪಟೇಲ್ 2003ರಲ್ಲಿ ಬರೆದ ‘ವೇರ್ ದೇರ್ ಈಸ್ ನೋ ಸೈಕಿಯಾಟ್ರಿಸ್ಟ್’ ಈ ಬಗೆಯ ಪುಸ್ತಕಗಳಲ್ಲಿ ಹೆಸರಾದುದು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ತಜ್ಞರಲ್ಲದವರಿಗಾಗಿಯೇ ಚಿಕಿತ್ಸಾ ಮಾರ್ಗದರ್ಶಿಯನ್ನು ಹೊರತಂದು, 2016ರಲ್ಲಿ ಪರಿಷ್ಕರಿಸಿತು. ಗೋವಾದ ‘ಸಂಗಾತ್’ ಸಂಸ್ಥೆಯ ಅಧ್ಯಯನಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. ಮನೋವೈದ್ಯಕೀಯ ಪದವಿಯಿಲ್ಲದ ಆಪ್ತಸಮಾಲೋಚಕರು ಕೈಪಿಡಿಯನ್ನು ಅನುಸರಿಸಿ, ತಜ್ಞರ ಮೇಲ್ವಿಚಾರಣೆಯಲ್ಲಿ ಆರರಿಂದ ಎಂಟು ಭೇಟಿಗಳಲ್ಲಿ ನೀಡುವ ಸಮಾಲೋಚನೆ ತೀವ್ರ ಖಿನ್ನತೆಯಲ್ಲಿಯೂ ಫಲಕಾರಿಯೆಂದು ಅವು ತೋರಿಸಿಕೊಟ್ಟಿವೆ.

ಈ ಹಾದಿಯನ್ನು ಮೊದಲು ತುಳಿದವರಲ್ಲಿ ಕರ್ನಾಟಕವೂ ಒಂದೆಂಬುದನ್ನು ನಾವು ಮರೆತಿದ್ದೇವೆ. ಎಪ್ಪತ್ತರ ದಶಕದಲ್ಲಿಯೇ ನಿಮ್ಹಾನ್ಸ್ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರವನ್ನು ತೆರೆಯಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡ ನಂತರ, 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಚಿಕಿತ್ಸೆ ನೀಡುವ ಪ್ರಯೋಗ ನಡೆಯಿತು. ವೈದ್ಯರಿಗೊಂದು, ಆರೋಗ್ಯ ಕಾರ್ಯಕರ್ತರಿಗೊಂದು ಎಂದು ಪ್ರತ್ಯೇಕ ಕೈಪಿಡಿಗಳನ್ನು ನಿಮ್ಹಾನ್ಸ್‌ನ ತಜ್ಞರು ಸಿದ್ಧಪಡಿಸಿದ್ದರು. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ‘ಬಳ್ಳಾರಿ ಮಾದರಿ’ಯೇ ಅಡಿಪಾಯ. ಜನಸಾಮಾನ್ಯರಿಗಾಗಿ ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ಕನ್ನಡದಲ್ಲಿ ಹೇರಳವಾಗಿ ಬರೆದಿದ್ದಾರೆ. ಪ್ರಾಥಮಿಕ ಹಂತದ ವೈದ್ಯರಿಗೆಂದೇ ನಿಮ್ಹಾನ್ಸ್ ಇತ್ತೀಚಿನ ವರ್ಷಗಳಲ್ಲಿ ಸಂಕ್ಷಿಪ್ತ ಚಿಕಿತ್ಸಾ ಕೈಪಿಡಿಯನ್ನೂ ದೂರಶಿಕ್ಷಣವನ್ನೂ ರೂಪಿಸಿದೆ. ಅಂದರೆ ಜ್ಞಾನದ ಕೊರತೆ ನಮಗಿಲ್ಲ. ಅದನ್ನು ವಿತರಿಸುವ ವ್ಯವಸ್ಥೆಯ ಕೊರತೆಯಿದೆ.

ಪುಸ್ತಕವೊಂದರಿಂದಲೇ ಏನಾದೀತು ಎಂಬ ಪ್ರಶ್ನೆ ಸಹಜ. ನ್ಯಾಯವಾದದ್ದೂ ಹೌದು. ತರಬೇತಿ ಪಡೆದ ವೈದ್ಯರಿಗೆ ವರ್ಗವಾದರೆ ಕೈಪಿಡಿ ಕಪಾಟಿನಲ್ಲಿ ದೂಳು ಹಿಡಿಯುತ್ತದೆ. ಔಷಧ ಪೂರೈಕೆ ನಿಂತರೆ ರೋಗ ಪತ್ತೆಯಾಗಿಯೂ ಪ್ರಯೋಜನವಿಲ್ಲ. ಪುಸ್ತಕದ ಪಟ್ಟಿ ನೋಡಿ ಗುರುತುಹಾಕುವ ಅವಸರದ ವೈದ್ಯಕೀಯದಿಂದ, ಬಡತನ, ಸಾಲ, ಗಂಡನ ಕುಡಿತ ತಂದ ಸಂಕಟಕ್ಕೂ ಮಾತ್ರೆಯೇ ಮದ್ದಾಗುವ ಅಪಾಯವೂ ಇದೆ. ಸಂಗಾತ್‌ನ ಪ್ರಯೋಗದಲ್ಲಿ ಕೈಪಿಡಿಯಷ್ಟೇ ಮುಖ್ಯವಾಗಿದ್ದದ್ದು ನಿರಂತರ ಮೇಲ್ವಿಚಾರಣೆ ಎಂಬುದನ್ನು ನೆನೆಯಬೇಕು. ಆದರೆ ಈ ವಾದಗಳು ಒಳ್ಳೆಯ ಕೈಪಿಡಿ ಬೇಡವೆನ್ನಲು ಕಾರಣವಾಗಲಾರವು. ಅದನ್ನು ವ್ಯವಸ್ಥೆಯೊಂದಿಗೆ ಬೆಸೆಯಬೇಕೆನ್ನಲು ಕಾರಣವಾಗುತ್ತವೆ.

ರಾಜ್ಯ ಸರ್ಕಾರ ತಕ್ಷಣ ಕೈಗೊಳ್ಳಬಹುದಾದ ಕೆಲವು ಕ್ರಮಗಳಿವೆ. ಮೊದಲನೆಯದಾಗಿ, ನಿಮ್ಹಾನ್ಸ್ ಮತ್ತು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಹಯೋಗದಲ್ಲಿ ಒಂದು ಪ್ರಮಾಣಿತ ಕೈಪಿಡಿಯನ್ನು ಸಿದ್ಧಪಡಿಸಿ, ರಾಜ್ಯದ ಎರಡು ಸಾವಿರಕ್ಕೂ ಹೆಚ್ಚು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಎಲ್ಲ ಕಾರಾಗೃಹಗಳ ವೈದ್ಯರಿಗೂ ಉಚಿತವಾಗಿ ಒದಗಿಸಬೇಕು. ವೈದ್ಯರಿಗೆ ಇಂಗ್ಲಿಷ್ ಸಾಕೆಂಬ ವಾದ ಅರ್ಧಸತ್ಯ. ಓದುವುದು ಇಂಗ್ಲಿಷಿನಲ್ಲಾದರೂ ರೋಗಿಯನ್ನು ಕೇಳುವುದು ಕನ್ನಡದಲ್ಲಿ. ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ನೋಯಿಸದೆ ವಿಚಾರಿಸುವ ಮಾತುಗಳನ್ನು ಪ್ರಾದೇಶಿಕ ಬಳಕೆಗಳ ಸಮೇತ ಕೈಪಿಡಿಯೇ ಒದಗಿಸಬೇಕು. ದಾದಿಯರು, ಆಶಾ ಕಾರ್ಯಕರ್ತೆಯರು ಮತ್ತು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಮಾಲೋಚಕರಿಗಂತೂ ಪೂರ್ಣ ಕನ್ನಡದ ಆವೃತ್ತಿ ಅನಿವಾರ್ಯ.

ಎರಡನೆಯದಾಗಿ, ಮೂರು ವರ್ಷಗಳಿಗೊಮ್ಮೆ ಕಡ್ಡಾಯ ಪರಿಷ್ಕರಣೆ ನಡೆಯಬೇಕು. ಪರಿಷ್ಕರಣಾ ಸಮಿತಿಯಲ್ಲಿ ಪ್ರಾಧ್ಯಾಪಕರ ಜೊತೆಗೆ ತಾಲ್ಲೂಕು ಮಟ್ಟದ ವೈದ್ಯರು, ರೋಗಮುಕ್ತರಾದವರು ಮತ್ತು ಅವರ ಕುಟುಂಬದವರೂ ಇರಬೇಕು. ಔಷಧ ಕಂಪನಿಗಳ ನೆರವು ಪಡೆದವರು ಅದನ್ನು ಬಹಿರಂಗಪಡಿಸುವುದು ಕಡ್ಡಾಯವಾಗಬೇಕು. ಮೂರನೆಯದಾಗಿ, ಪ್ರತಿ ಜಿಲ್ಲೆಯ ಮನೋವೈದ್ಯರು ತಿಂಗಳಿಗೊಮ್ಮೆಯಾದರೂ ಕೇಂದ್ರಗಳ ವೈದ್ಯರೊಂದಿಗೆ ಕುಳಿತು ಕಠಿಣ ಪ್ರಕರಣಗಳನ್ನು ಚರ್ಚಿಸುವ ಏರ್ಪಾಡಾಗಬೇಕು. ತಪಾಸಣಾ ನಮೂನೆಯಲ್ಲಿ ಕೈಪಿಡಿಗೂ ಒಂದು ಅಂಕಣ ಬರಬೇಕು.

ಇವೆಲ್ಲಕ್ಕೂ ತಗಲುವ ವೆಚ್ಚ ಆರೋಗ್ಯ ಇಲಾಖೆಯ ಆಯವ್ಯಯದಲ್ಲಿ ಕಣ್ಣಿಗೆ ಕಾಣದಷ್ಟು ಅಲ್ಪ. ಮುದ್ರಣದ ಖರ್ಚು ಒಂದು ಸಾಧಾರಣ ಕಟ್ಟಡದ ಖರ್ಚನ್ನೂ ಮೀರಲಾರದು. ಶಂಕುಸ್ಥಾಪನೆಗೂ ಉದ್ಘಾಟನೆಗೂ ಅವಕಾಶವಿಲ್ಲದ ಕೆಲಸಗಳು ನಮ್ಮಲ್ಲಿ ಹಿಂದುಳಿಯುವುದು ಹೊಸತೇನಲ್ಲ. ಆದರೆ ಕಾಯ್ದೆಯು ನೀಡಿರುವ ಚಿಕಿತ್ಸೆಯ ಹಕ್ಕು ಹಳ್ಳಿಯ ಹೆಣ್ಣುಮಗಳೊಬ್ಬಳಿಗೆ ದಕ್ಕುವುದು, ‘ಎದೆ ಭಾರ’ ಎಂದು ಆಕೆ ಹೇಳಿದಾಗ ಎದುರು ಕುಳಿತ ವೈದ್ಯರಿಗೆ ಮುಂದಿನ ಪ್ರಶ್ನೆ ಯಾವುದೆಂದು ಗೊತ್ತಿದ್ದರೆ ಮಾತ್ರ. ಸಾವಿರಾರು ಹೊಸ ಮನೋವೈದ್ಯರನ್ನು ಗಡುವಿನೊಳಗೆ ಸೃಷ್ಟಿಸುವುದು ನಮ್ಮಿಂದಾಗದು. ಇರುವ ವೈದ್ಯರ ಕೈಗೆ ಸರಿಯಾದ ಕೈಪಿಡಿ ಕೊಡುವುದು ಖಂಡಿತ ಆಗುತ್ತದೆ. ಸರ್ಕಾರ ಅಲ್ಲಿಂದಲಾದರೂ ಆರಂಭಿಸಲಿ.